ಹಗಲು ಕರಡು, ರಾತ್ರಿ ಗೇಮ್: ಒಂದೇ ಮಾನಿಟರ್ ಆರಿಸಿದ ಪ್ರಕರಣ

ಈ ಪ್ರಕರಣದ ಬಳಕೆದಾರರದು ಕರಡು ತಿದ್ದುವ ಕೆಲಸ. ದಿನಕ್ಕೆ ಏಳೆಂಟು ಗಂಟೆ ಕನ್ನಡ, ಇಂಗ್ಲಿಷ್ ಪುಟಗಳನ್ನು ವರ್ಡ್‌ನಲ್ಲೂ ಪಿಡಿಎಫ್‌ನಲ್ಲೂ ಓದುತ್ತಾರೆ. ರಾತ್ರಿ ಒಂದೆರಡು ಗಂಟೆ ಗೇಮ್ ಆಡುತ್ತಾರೆ. ಅದರಲ್ಲಿ ಒಂದು ಆನ್‌ಲೈನ್ ಶೂಟರ್, ಮಿಕ್ಕವು ಕಥೆ ಇರುವ ದೊಡ್ಡ ಗೇಮ್‌ಗಳು. ಕಂಪ್ಯೂಟರಿನಲ್ಲಿ 8 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3060 ಟಿಐ ಗ್ರಾಫಿಕ್ಸ್ ಕಾರ್ಡ್, ವಿಂಡೋಸ್ 11. ಮೇಜಿನ ಆಳ 60 ಸೆಂ.ಮೀ. ಮೇಜಿನ ಮೇಲಿದ್ದದ್ದು 27 ಇಂಚಿನ, 1920×1080 ಪಿಕ್ಸೆಲ್‌ಗಳ, 144 ಹರ್ಟ್ಸ್‌ನ (ಸೆಕೆಂಡಿಗೆ 144 ಸಲ ಚಿತ್ರ ಹೊಸದಾಗುವ) ಬಾಗಿದ ವಿಎ (ಎಲ್‌ಸಿಡಿಯ ಒಂದು ಬಗೆ) ಪ್ಯಾನೆಲ್, ಎಚ್‌ಡಿಎಂಐ ಕೇಬಲ್‌ನಲ್ಲಿ.

ದೂರು ಮೂರು ಬಗೆಯದು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಕಣ್ಣು ಉರಿ, ಹುಬ್ಬಿನ ಮೇಲೆ ನೋವು. ಸಣ್ಣ ಅಕ್ಷರದಲ್ಲಿ ದ ಯಾವುದು ಧ ಯಾವುದು, ಪ ಯಾವುದು ಹೊಟ್ಟೆ ಸೀಳಿದ ಷ ಯಾವುದು ಎಂದು ಎರಡನೆಯ ಸಲ ನೋಡಬೇಕಾಗುವುದು. ಕರಡು ತಿದ್ದುವವರಿಗೆ ಇದು ಬರೀ ಕಿರಿಕಿರಿಯಲ್ಲ, ಕೆಲಸದ ತಪ್ಪಿಗೇ ದಾರಿ. ಮೂರನೆಯದು, ಗೇಮ್‌ನಲ್ಲಿ ಕತ್ತಲ ದೃಶ್ಯ ಬಂದಾಗ ಚಲಿಸುವ ಆಕೃತಿಗಳ ಹಿಂದೆ ಕಪ್ಪು ಮಸಿ ಎಳೆದಂತೆ ಕಾಣುವುದು.

ಅವರು ಆಗಲೇ ಮನಸ್ಸಿನಲ್ಲಿ ಆರಿಸಿಕೊಂಡಿದ್ದು 27 ಇಂಚಿನ, 2560×1440ರ, 240 ಹರ್ಟ್ಸ್‌ನ ಒಎಲ್‌ಇಡಿ, ಅಂದರೆ ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಪರದೆ. ಗೇಮ್ ಆಡುವವರು ಒಬ್ಬರಿಗೊಬ್ಬರು ಹೇಳುವ ಆಯ್ಕೆಯೂ ಅದೇ. ಇಲ್ಲಿ ಕೊನೆಗೆ ಕೊಂಡದ್ದು ಬೇರೆ. ಗೇಮ್ ಕೇಳುವುದನ್ನು ಸೆಟಿಂಗ್ಸ್‌ನಲ್ಲಿ ಏರಿಸಬಹುದು, ಇಳಿಸಬಹುದು, ಒಳಗಿನ ರೆಸಲ್ಯೂಶನ್ ತಗ್ಗಿಸಬಹುದು, ನೆರಳು ತೆಗೆಯಬಹುದು. ಓದಿಗೆ ಬೇಕಾದದ್ದು ಪ್ಯಾನೆಲ್ ಗಾಜಿನಲ್ಲೇ ಇರಬೇಕು. ಇಲ್ಲದ ಪಿಕ್ಸೆಲ್‌ ಅನ್ನು ಯಾವ ಸೆಟಿಂಗೂ ತಂದುಕೊಡುವುದಿಲ್ಲ. ಆದ್ದರಿಂದ ಎರಡಕ್ಕೂ ಒಂದೇ ಮಾನಿಟರ್ ಎಂದಾಗ ಪ್ಯಾನೆಲನ್ನು ಓದಿಗಾಗಿ ಆರಿಸಿ, ಗೇಮನ್ನು ಅದಕ್ಕೆ ಹೊಂದಿಸಿದ್ದು ಈ ಪ್ರಕರಣದ ಒಟ್ಟು ದಾರಿ.

ಹಳೆಯ ಮಾನಿಟರಿನದೇ ತಪ್ಪು ಎಷ್ಟು?

ಹೊಸದನ್ನು ಕೊಳ್ಳುವ ಮುಂಚೆ ಇದ್ದದ್ದನ್ನೇ ತಪಾಸಣೆ ಮಾಡಲಾಯಿತು. ಈ ಹಂತವನ್ನು ಬಹಳ ಜನ ಹಾರಿಸಿಬಿಡುತ್ತಾರೆ; ಆಮೇಲೆ ಹೊಸ ಮಾನಿಟರಿನಲ್ಲೂ ಅದೇ ತಲೆನೋವು ಮುಂದುವರಿಯುತ್ತದೆ.

ಬ್ರೈಟ್‌ನೆಸ್ 90ರಲ್ಲಿತ್ತು. ಅಳೆಯುವ ಮೀಟರ್ ಇಲ್ಲದಿದ್ದರೆ ಒಂದು ಬಿಳಿ ಹಾಳೆ ಸಾಕು. ಪರದೆಯ ತುಂಬ ಖಾಲಿ ವರ್ಡ್ ಪುಟ ತೆರೆದು, ಪಕ್ಕದಲ್ಲಿ ಹಾಳೆ ಹಿಡಿದು, ಎರಡೂ ಒಂದೇ ಮಟ್ಟದ ಬಿಳುಪಾಗಿ ಕಾಣುವ ತನಕ ಬ್ರೈಟ್‌ನೆಸ್ ಇಳಿಸಬೇಕು. ಪರದೆ ದೀಪದಂತೆ ಹೊಳೆದರೆ ಹೆಚ್ಚಾಯಿತು, ಹಾಳೆಗಿಂತ ಮಂಕಾದರೆ ಕಡಿಮೆಯಾಯಿತು. ಸಾಧಾರಣ ಬೆಳಕಿನ ಕೋಣೆಯಲ್ಲಿ ಇದು 100ರಿಂದ 120 ನಿಟ್ಸ್ (ಪರದೆಯ ಬೆಳಕಿನ ಅಳತೆ) ಆಸುಪಾಸಿಗೆ ಬರುತ್ತದೆ. ಇವರಲ್ಲಿ 30ಕ್ಕೆ ಇಳಿಯಿತು.

ಮಾನಿಟರಿನ ಶಾರ್ಪ್‌ನೆಸ್ 70ರಲ್ಲಿತ್ತು. ಇದು ಸ್ಪಷ್ಟತೆಯನ್ನು ಹೆಚ್ಚಿಸುವುದಿಲ್ಲ, ಅಕ್ಷರದ ಅಂಚಿಗೆ ಒಂದು ಬಿಳಿ ಗೆರೆ ಸೇರಿಸುತ್ತದೆ. ಕರಿ ಅಕ್ಷರದ ಸುತ್ತ ತೆಳು ಪ್ರಭೆ ಕಂಡರೆ ಕಾರಣ ಇದೇ. ಪ್ರಭೆ ಮಾಯವಾಗುವ ತನಕ ತಗ್ಗಿಸಬೇಕು, ಅಕ್ಷರ ಮಂಜಾಗುವ ಮುಂಚೆ ನಿಲ್ಲಿಸಬೇಕು. ಕೆಲವು ಮಾನಿಟರುಗಳಲ್ಲಿ ಆ ಬಿಂದು 0, ಕೆಲವದರಲ್ಲಿ 50.

ಎಲ್ಲಕ್ಕಿಂತ ದೊಡ್ಡ ಪತ್ತೆ ಕೆಂಪು ಅಕ್ಷರದಲ್ಲಿತ್ತು. ವರ್ಡ್‌ನ ಟ್ರ್ಯಾಕ್ ಚೇಂಜಸ್‌ನಲ್ಲಿ ಬರುವ ಕೆಂಪು ತಿದ್ದುಪಡಿಗಳು ಕಪ್ಪು ಅಕ್ಷರಗಳಿಗಿಂತ ಹರಡಿಕೊಂಡು ಕಾಣುತ್ತಿದ್ದವು. ಗ್ರಾಫಿಕ್ಸ್ ಕಾರ್ಡ್ ಮಾನಿಟರನ್ನು ಟಿವಿ ಎಂದು ತಿಳಿದು ವೈಸಿಬಿಸಿಆರ್ 4:2:2 ಬಣ್ಣವನ್ನು ಕಳಿಸುತ್ತಿತ್ತು. ಈ ಪದ್ಧತಿಯಲ್ಲಿ ಬೆಳಕಿನ ಮಾಹಿತಿ ಪ್ರತಿ ಪಿಕ್ಸೆಲ್‌ಗೂ ಹೋಗುತ್ತದೆ, ಬಣ್ಣದ ಮಾಹಿತಿ ಮಾತ್ರ ಅಡ್ಡಸಾಲಿನಲ್ಲಿ ಎರಡು ಪಿಕ್ಸೆಲ್‌ಗೆ ಒಂದರಂತೆ ಹೋಗುತ್ತದೆ. ಸಿನಿಮಾ ನೋಡುವಾಗ ಗೊತ್ತೇ ಆಗದ ಈ ಉಳಿತಾಯ ಕೆಂಪು, ನೀಲಿ ಅಕ್ಷರಗಳ ಅಂಚನ್ನು ಕೆಡಿಸುತ್ತದೆ. ಎನ್ವಿಡಿಯ ಕಂಟ್ರೋಲ್ ಪ್ಯಾನೆಲ್‌ನಲ್ಲಿ ರೆಸಲ್ಯೂಶನ್ ಪುಟದ ಅಡಿಯಲ್ಲಿ ಆರ್‌ಜಿಬಿ (ಪ್ರತಿ ಪಿಕ್ಸೆಲ್‌ಗೂ ಪೂರ್ತಿ ಬಣ್ಣ), ಫುಲ್ ರೇಂಜ್ ಎಂದು ಬದಲಿಸಿದ ಕೂಡಲೇ ಸರಿಹೋಯಿತು.

ಮಿನುಗಿನ ಪರೀಕ್ಷೆಗೆ ಪೆನ್ಸಿಲ್ ಸಾಕು. ಬಿಳಿ ಪರದೆಯ ಮುಂದೆ ಪೆನ್ಸಿಲನ್ನು ಬೀಸಣಿಗೆಯಂತೆ ಬೇಗ ಆಡಿಸಿದಾಗ ಮಸುಕಾದ ಒಂದೇ ಹರಹು ಕಂಡರೆ ಬ್ಯಾಕ್‌ಲೈಟ್ (ಪ್ಯಾನೆಲ್ ಹಿಂದಿನ ದೀಪ) ಎಡೆಬಿಡದೆ ಉರಿಯುತ್ತಿದೆ. ಬಿಡಿಬಿಡಿ ಕಡ್ಡಿಗಳು ಕಂಡರೆ ಅದು ಆರಿ ಹತ್ತಿ ಮಾಡುತ್ತಿದೆ. ಈ ಮಾನಿಟರ್ 30ರ ಬ್ರೈಟ್‌ನೆಸ್‌ನಲ್ಲಿ ತೇರ್ಗಡೆಯಾಯಿತು. ಪರೀಕ್ಷೆಯನ್ನು ತಗ್ಗಿದ ಬ್ರೈಟ್‌ನೆಸ್‌ನಲ್ಲೇ ಮಾಡಬೇಕು, ಏಕೆಂದರೆ ಪೂರ್ತಿ ಏರಿಸಿದಾಗ ಮಿನುಗುವ ಬ್ಯಾಕ್‌ಲೈಟ್ ಕೂಡ ಬಿಡುವಿಲ್ಲದೆ ಉರಿಯುತ್ತಿರುತ್ತದೆ.

ಕಿಟಕಿ ಮಾನಿಟರಿನ ನೇರ ಹಿಂದಿತ್ತು. ಮೇಜನ್ನು ತಿರುಗಿಸಿ ಕಿಟಕಿ ಪಕ್ಕಕ್ಕೆ ಬರುವಂತೆ ಮಾಡಲಾಯಿತು. ಕನ್ನಡಕದ ಪವರ್ ಸರಿಯಿದೆ ಎಂದು ಕಣ್ಣಿನ ಪರೀಕ್ಷೆಯಿಂದ ಖಾತ್ರಿಯಾಯಿತು.

ಇಷ್ಟಾದ ಮೇಲೆ ಹುಬ್ಬಿನ ನೋವು ಹೋಯಿತು, ಉರಿ ತಗ್ಗಿತು. ಉಳಿದದ್ದು ಎರಡೇ: ಅಕ್ಷರದ ಒರಟುತನ ಮತ್ತು ಕತ್ತಲ ಮಸಿ. ಎರಡೂ ಪ್ಯಾನೆಲಿನ ಗುಣ, ಸೆಟಿಂಗ್ಸ್‌ಗೆ ಬಗ್ಗುವಂಥವಲ್ಲ.

ಅಕ್ಷರಕ್ಕೆ ಎಷ್ಟು ಪಿಕ್ಸೆಲ್ ಬೇಕು?

ಇಂಚಿಗೆ ಎಷ್ಟು ಪಿಕ್ಸೆಲ್ ಎಂಬ ಸಂಖ್ಯೆಯನ್ನು ಎಲ್ಲರೂ ನೋಡುತ್ತಾರೆ. 27 ಇಂಚಿನಲ್ಲಿ 1080ಪಿಗೆ (1920×1080) ಅದು ಸುಮಾರು 82, 1440ಪಿಗೆ (2560×1440) 109, 4ಕೆಗೆ (3840×2160) 163. ಆದರೆ ಓದಿನ ಪ್ರಶ್ನೆಗೆ ಈ ಸಂಖ್ಯೆ ಅರ್ಧ ಉತ್ತರ ಮಾತ್ರ. ಇನ್ನರ್ಧ, ಒಂದು ಅಕ್ಷರವನ್ನು ಬಿಡಿಸಲು ಎಷ್ಟು ಪಿಕ್ಸೆಲ್ ಸಿಗುತ್ತದೆ ಎಂಬುದು.

ಅಕ್ಷರ, ಗುಂಡಿಗಳನ್ನು ಎಷ್ಟು ಪಟ್ಟು ದೊಡ್ಡದಾಗಿ ಬಿಡಿಸಬೇಕೆಂಬ ಸೆಟಿಂಗ್ ಸ್ಕೇಲಿಂಗ್. ವಿಂಡೋಸ್ 100% ಸ್ಕೇಲಿಂಗ್‌ನಲ್ಲಿ ಇಂಚಿಗೆ 96 ಪಿಕ್ಸೆಲ್ ಎಂದೇ ಲೆಕ್ಕ ಹಾಕುತ್ತದೆ, ಪ್ಯಾನೆಲ್ ಯಾವುದೇ ಇರಲಿ. 11 ಪಾಯಿಂಟ್ ಅಕ್ಷರಕ್ಕೆ 11ನ್ನು 72ರಿಂದ ಭಾಗಿಸಿ 96ರಿಂದ ಗುಣಿಸಿದರೆ 14.7 ಪಿಕ್ಸೆಲ್ ಎತ್ತರ ಬರುತ್ತದೆ. 1080ಪಿಯಿಂದ 1440ಪಿಗೆ ಹೋಗಿ ಸ್ಕೇಲಿಂಗನ್ನು 100ರಲ್ಲೇ ಬಿಟ್ಟರೂ ಅದೇ 14.7 ಪಿಕ್ಸೆಲ್. ಅಕ್ಷರ ಹೆಚ್ಚು ವಿವರವಾಗಿ ಮೂಡುವುದಿಲ್ಲ, ಚಿಕ್ಕದಾಗುತ್ತದೆ ಅಷ್ಟೆ: 27 ಇಂಚಿನಲ್ಲಿ 4.6 ಮಿ.ಮೀ. ಇದ್ದದ್ದು 3.4 ಮಿ.ಮೀ.ಗೆ ಇಳಿಯುತ್ತದೆ. 1440ಪಿ ಕೊಂಡು "ಸ್ಪಷ್ಟವಾಗಿದೆ, ಆದರೂ ಕಣ್ಣು ಸೋಲುತ್ತದೆ" ಎನ್ನುವವರ ಸಮಸ್ಯೆ ಸಾಮಾನ್ಯವಾಗಿ ಇದೇ. ಅವರು ಪರದೆಯತ್ತ ಬಾಗಿ ಕೂತು ಕತ್ತು ನೋಯಿಸಿಕೊಳ್ಳುತ್ತಾರೆ.

ಇವರಿಗೆ 65 ಸೆಂ.ಮೀ. ದೂರದಿಂದ ಆರಾಮಾಗಿ ಓದಲು ಬರುತ್ತಿದ್ದ ಅಳತೆ ಸುಮಾರು 4 ಮಿ.ಮೀ. ಆ ಗಾತ್ರದ ಹತ್ತಿರಕ್ಕೆ ಬರುವಂತೆ ಸ್ಕೇಲಿಂಗ್ ಇಟ್ಟು ಹೋಲಿಸಿದಾಗ ಚಿತ್ರ ಬೇರೆಯಾಯಿತು. 1080ಪಿ, 100%: 4.6 ಮಿ.ಮೀ. ಅಕ್ಷರಕ್ಕೆ 14.7 ಪಿಕ್ಸೆಲ್. 1440ಪಿ, 125%: 4.3 ಮಿ.ಮೀ.ಗೆ 18.3 ಪಿಕ್ಸೆಲ್. 4ಕೆ, 175%: 4.0 ಮಿ.ಮೀ.ಗೆ 25.7 ಪಿಕ್ಸೆಲ್.

ಇಂಗ್ಲಿಷ್ ಮಾತ್ರ ಓದುವವರಿಗೆ 18 ಪಿಕ್ಸೆಲ್ ಧಾರಾಳ. ಕನ್ನಡದ ಸಾಲಿನಲ್ಲಿ ಅಷ್ಟೇ ಎತ್ತರದೊಳಗೆ ಅಕ್ಷರದ ಮೈ, ಮೇಲೆ ಗುಣಿತದ ಗುಡಿಸು, ಕೆಳಗೆ ಒತ್ತು ಮೂರೂ ಕೂರಬೇಕು. "ಸ್ವಾತಂತ್ರ್ಯ" ಪದದ "ತ್ರ್ಯ"ವನ್ನು 14 ಪಿಕ್ಸೆಲ್‌ನಲ್ಲಿ ಬಿಡಿಸಿದಾಗ ಎರಡು ಒತ್ತುಗಳಿಗೆ ಸಿಗುವುದು ಮೂರೋ ನಾಲ್ಕೋ ಪಿಕ್ಸೆಲ್ ಸಾಲು; ಅಲ್ಲಿ ಸುರುಳಿ ಮುದ್ದೆಯಾಗುತ್ತದೆ. ದ–ಧ, ಬ–ಭ, ಡ–ಢ ಜೋಡಿಗಳಲ್ಲಿ ವ್ಯತ್ಯಾಸವೇ ಅಡಿಯ ಪುಟ್ಟ ಗೀಟು. ಆ ಗೀಟು ಒಂದು ಪಿಕ್ಸೆಲ್‌ಗಿಂತ ಸಣ್ಣದಾದಾಗ ಬೂದು ಕಲೆಯಾಗಿ ಉಳಿಯುತ್ತದೆ, ಕಣ್ಣು ಪದವನ್ನು ಊಹೆಯಿಂದ ಓದಿ ಮುಂದೆ ಹೋಗುತ್ತದೆ. ಕರಡು ತಿದ್ದುವಾಗ ಊಹಿಸಿ ಓದುವುದೇ ಆಗಬಾರದ್ದು.

ದೂರದ ಕಡೆಯಿಂದ ನೋಡಿದರೂ ಉತ್ತರ ಬದಲಾಗಲಿಲ್ಲ. ಸಹಜ ದೃಷ್ಟಿಯ ಕಣ್ಣು ನೋಟದ ಒಂದು ಡಿಗ್ರಿಯಲ್ಲಿ ಸುಮಾರು 60 ಪಿಕ್ಸೆಲ್‌ಗಳನ್ನು ಬೇರೆಬೇರೆಯಾಗಿ ಗುರುತಿಸುತ್ತದೆ ಎಂಬುದು ರೂಢಿಯ ಅಳತೆಗೋಲು. 65 ಸೆಂ.ಮೀ.ನಲ್ಲಿ 27 ಇಂಚಿನ 1080ಪಿ ಸುಮಾರು 36 ಕೊಡುತ್ತದೆ, 1440ಪಿ 49, 4ಕೆ 73. ಅಂದರೆ ಮೊದಲ ಎರಡರಲ್ಲಿ ಪಿಕ್ಸೆಲ್‌ನ ಮೆಟ್ಟಿಲು ಕಣ್ಣಿಗೆ ಸಿಗುತ್ತದೆ, ಮೂರನೆಯದರಲ್ಲಿ ಸಿಗುವುದಿಲ್ಲ.

ಬೇರೆ ಗಾತ್ರಗಳನ್ನೂ ನೋಡಲಾಯಿತು. 34 ಇಂಚಿನ 3440×1440 ಅಗಲ ಪರದೆಯ ಸಾಂದ್ರತೆ 27 ಇಂಚಿನ 1440ಪಿಯಷ್ಟೇ. ಅಗಲ ಸಿಕ್ಕಿತು, ಅಕ್ಷರಕ್ಕೆ ಏನೂ ಸಿಗಲಿಲ್ಲ. 32 ಇಂಚಿನ 4ಕೆ ಇಂಚಿಗೆ 138, ಒಳ್ಳೆಯದೇ. ಆದರೆ ಅದರ ಅಗಲ ಸುಮಾರು 71 ಸೆಂ.ಮೀ.; 60 ಸೆಂ.ಮೀ. ಆಳದ ಮೇಜಿನಲ್ಲಿ ಅಂಚುಗಳನ್ನು ನೋಡಲು ತಲೆಯನ್ನೇ ತಿರುಗಿಸಬೇಕು. ಮೇಜು 75–80 ಸೆಂ.ಮೀ. ಆಳ ಇದ್ದಿದ್ದರೆ ಇದೇ ಗೆಲ್ಲುತ್ತಿತ್ತು. ಓದಿಗೊಂದು ಆಟಕ್ಕೊಂದು ಎಂದು ಎರಡು ಮಾನಿಟರ್ ಇಡಲು ಜಾಗವಿರಲಿಲ್ಲ.

ಒಎಲ್‌ಇಡಿಯನ್ನು ಏಕೆ ಬಿಟ್ಟದ್ದು?

ಗೇಮ್ ಒಂದನ್ನೇ ನೋಡಿದರೆ ಒಎಲ್‌ಇಡಿಗೆ ಸಾಟಿಯಿಲ್ಲ. ಪಿಕ್ಸೆಲ್ ಬಣ್ಣ ಬದಲಿಸುವುದು ಕ್ಷಣಾರ್ಧಕ್ಕೂ ಬಹಳ ಕಡಿಮೆ ಸಮಯದಲ್ಲಿ, ಕಪ್ಪು ನಿಜಕ್ಕೂ ಕಪ್ಪು. ಇವರ ಕೆಲಸಕ್ಕೆ ಮೂರು ಅಡ್ಡಿಗಳಿದ್ದವು.

ಒಂದು, ಉಪಪಿಕ್ಸೆಲ್‌ಗಳ ಜೋಡಣೆ. ಮಾಮೂಲಿ ಎಲ್‌ಸಿಡಿಯ ಪ್ರತಿ ಪಿಕ್ಸೆಲ್‌ನಲ್ಲೂ ಕೆಂಪು, ಹಸಿರು, ನೀಲಿ ಪಟ್ಟಿಗಳು ಸಾಲಾಗಿರುತ್ತವೆ. ವಿಂಡೋಸ್‌ನ ಕ್ಲಿಯರ್‌ಟೈಪ್ ಆ ಸಾಲನ್ನೇ ನಂಬಿ ಅಕ್ಷರದ ಅಂಚನ್ನು ಪಿಕ್ಸೆಲ್‌ನ ಮೂರನೇ ಒಂದು ಭಾಗದಷ್ಟು ನಯವಾಗಿ ಕೊರೆಯುತ್ತದೆ. ಕ್ಯುಡಿ-ಒಎಲ್‌ಇಡಿ ಎಂಬ ಬಗೆಯ ಅನೇಕ ಪ್ಯಾನೆಲ್‌ಗಳಲ್ಲಿ ಮೂರೂ ತ್ರಿಕೋನಾಕಾರದಲ್ಲಿ ಕೂತಿವೆ. ಬಿಳಿ ಉಪಪಿಕ್ಸೆಲ್ ಸೇರಿಸಿದ ಇನ್ನೊಂದು ಬಗೆಯಲ್ಲಿ ಸಾಲಿನ ಕ್ರಮವೇ ಬೇರೆ. ಹಾಗಾಗಿ ಕರಿ ಅಕ್ಷರದ ಮೇಲಂಚಿಗೋ ಪಕ್ಕಕ್ಕೋ ಹಸಿರು, ನೇರಳೆ ಛಾಯೆ ಅಂಟುತ್ತದೆ. 4ಕೆ ಒಎಲ್‌ಇಡಿಯಲ್ಲಿ ಪಿಕ್ಸೆಲ್ ಚಿಕ್ಕದಾಗಿ ಇದು ಬಹುಮಟ್ಟಿಗೆ ಮರೆಯಾಗುತ್ತದೆ. ಅವರು ಗುರುತಿಸಿದ್ದ 1440ಪಿಯಲ್ಲಿ ಆಗುವುದಿಲ್ಲ.

ಎರಡು, ಸವೆತ. ದಿನಕ್ಕೆ ಏಳೆಂಟು ಗಂಟೆ ವರ್ಡ್‌ನ ಮೇಲಿನ ಪಟ್ಟಿ, ಕೆಳಗಿನ ಟಾಸ್ಕ್‌ಬಾರ್, ಮಧ್ಯೆ ಬಿಳಿ ಪುಟ ಒಂದೇ ಜಾಗದಲ್ಲಿ ಇರುತ್ತವೆ. ಒಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಉರಿದು ತಾನೇ ಸವೆಯುವುದರಿಂದ, ಪುಟದ ಅಂಚಿನ ಗುರುತು ಉಳಿಯಲು ಇದಕ್ಕಿಂತ ತಕ್ಕ ಬಳಕೆ ಇಲ್ಲ. ಪಿಕ್ಸೆಲ್ ಸರಿಸುವ ವ್ಯವಸ್ಥೆ, ಆಗಾಗ ಓಡಿಸುವ ಪ್ಯಾನೆಲ್ ಆರೈಕೆ ಸವೆತವನ್ನು ನಿಧಾನಿಸುತ್ತವೆ, ನಿಲ್ಲಿಸುವುದಿಲ್ಲ.

ಮೂರು, ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಎಂಬುದು) ಏರಿಳಿದಾಗ ಕತ್ತಲ ದೃಶ್ಯಗಳಲ್ಲೂ ಲೋಡಿಂಗ್ ಪರದೆಗಳಲ್ಲೂ ಬೆಳಕು ಕದಡುವುದು. ವಿಎ ಪ್ಯಾನೆಲ್‌ಗಳಿಗೂ ಈ ಚಾಳಿ ಇದೆ.

ವಿಎ ಬಿಟ್ಟದ್ದಕ್ಕೆ ಹೆಚ್ಚು ವಾದ ಬೇಕಾಗಲಿಲ್ಲ; ಕಪ್ಪಿನಿಂದ ಕಡುಬೂದಿಗೆ ಹೋಗುವಾಗಿನ ಅದರ ನಿಧಾನವೇ ಮೂರನೆಯ ದೂರಾಗಿತ್ತು. ಉಳಿದದ್ದು ಐಪಿಎಸ್, ಎಲ್‌ಸಿಡಿಯ ಇನ್ನೊಂದು ಬಗೆ. ಅದರ ದೋಷ ಕಾಂಟ್ರಾಸ್ಟ್ (ಬಿಳಿ ಕಪ್ಪಿಗಿಂತ ಎಷ್ಟು ಪಟ್ಟು ಬೆಳಗುತ್ತದೆ ಎಂಬುದು): ಸಾಮಾನ್ಯ ಐಪಿಎಸ್ ಸುಮಾರು 1000:1, ವಿಎ 3000:1 ಅಥವಾ ಹೆಚ್ಚು. ಕತ್ತಲ ಕೋಣೆಯಲ್ಲಿ ಕಪ್ಪು ಬೂದಿಯಾಗುತ್ತದೆ, ಮೂಲೆಗಳಲ್ಲಿ ಹೊಳಪು ಕಾಣುತ್ತದೆ. ಇದನ್ನು ತಿಳಿದೇ ಒಪ್ಪಿಕೊಳ್ಳಲಾಯಿತು.

ಕಾರ್ಡ್ ಈ ಭಾರ ಹೊರುತ್ತದೆಯೇ?

1440ಪಿಯಲ್ಲಿ 36.9 ಲಕ್ಷ ಪಿಕ್ಸೆಲ್, 4ಕೆಯಲ್ಲಿ 82.9 ಲಕ್ಷ, ಅಂದರೆ 2.25 ಪಟ್ಟು. 3060 ಟಿಐಯಂಥ ಕಾರ್ಡ್ ದೊಡ್ಡ ಗೇಮನ್ನು ನೇರ 4ಕೆಯಲ್ಲಿ ಸೆಕೆಂಡಿಗೆ 144 ಫ್ರೇಮ್ (ಚಿತ್ರ) ಓಡಿಸುವುದಿಲ್ಲ. ಓಡಿಸಬೇಕಾಗಿಯೂ ಇಲ್ಲ. ಎನ್ವಿಡಿಯದ ಚಿತ್ರ ಹಿಗ್ಗಿಸುವ ತಂತ್ರ ಡಿಎಲ್‌ಎಸ್‌ಎಸ್ 4ಕೆಯ ಕ್ವಾಲಿಟಿ ಮಟ್ಟದಲ್ಲಿ ಒಳಗೆ 2560×1440ರಲ್ಲಿ ಚಿತ್ರ ಬರೆದು ಹಿಗ್ಗಿಸುತ್ತದೆ, ಪರ್ಫಾರ್ಮೆನ್ಸ್ ಮಟ್ಟದಲ್ಲಿ 1920×1080ರಲ್ಲಿ. ಹಿಗ್ಗಿಸುವ ಕೆಲಸಕ್ಕೆ ಒಂದಿಷ್ಟು ಸಮಯ ಹೋಗುತ್ತದೆ. ಆದ್ದರಿಂದ ಪರ್ಫಾರ್ಮೆನ್ಸ್ ಮಟ್ಟದಲ್ಲಿ ಫ್ರೇಮ್ ಸಂಖ್ಯೆ ಹಳೆಯ ಮಾನಿಟರಿನಲ್ಲಿ ಬರುತ್ತಿದ್ದುದಕ್ಕಿಂತ ಸ್ವಲ್ಪ ಕೆಳಗೆ ನಿಲ್ಲುತ್ತದೆ, ಚಿತ್ರ ಅದಕ್ಕಿಂತ ಎಷ್ಟೋ ನಯ. ಡಿಎಲ್‌ಎಸ್‌ಎಸ್ ಇಲ್ಲದ ಗೇಮ್‌ನಲ್ಲಿ ಅದೇ ಬಗೆಯ ಎಎಂಡಿ ತಂತ್ರ ಎಫ್‌ಎಸ್‌ಆರ್ ಇದ್ದರೆ ಅದು.

ನಿಜವಾದ ಇಕ್ಕಟ್ಟು 8 ಜಿಬಿ ಮೆಮೊರಿ. ಅದು ತುಂಬಿದಾಗ ಸರಾಸರಿ ಫ್ರೇಮ್ ಚೆನ್ನಾಗಿಯೇ ಕಂಡು, ನಡುನಡುವೆ ಗೇಮ್ ತೊದಲುತ್ತದೆ. ತೊದಲು ಕಂಡರೆ ಮೊದಲು ಇಳಿಸಬೇಕಾದ್ದು ಟೆಕ್ಸ್‌ಚರ್ (ವಸ್ತುಗಳ ಮೈಮೇಲಿನ ಚಿತ್ರಗಳು), ಅದೂ ಒಂದೇ ಹಂತ. ಆಮೇಲೆ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ) ಆಫ್. ನೆರಳು, ಹುಲ್ಲು ಮುಂತಾದವನ್ನು ಕಡಿತಗೊಳಿಸಿದರೆ ಫ್ರೇಮ್ ಏರುತ್ತದೆ, ತೊದಲು ಹಾಗೇ ಇರುತ್ತದೆ.

ರಿಫ್ರೆಶ್ ರೇಟ್ ಎಷ್ಟು ಬೇಕು ಎಂಬುದಕ್ಕೂ ಲೆಕ್ಕವಿದೆ. 60 ಹರ್ಟ್ಸ್‌ನಲ್ಲಿ ಒಂದು ಫ್ರೇಮ್ 16.7 ಮಿಲಿಸೆಕೆಂಡ್ ಪರದೆಯ ಮೇಲೆ ನಿಲ್ಲುತ್ತದೆ, 144ರಲ್ಲಿ 6.9, 240ರಲ್ಲಿ 4.2. ಸೆಕೆಂಡಿಗೆ 1000 ಪಿಕ್ಸೆಲ್ ವೇಗದಲ್ಲಿ ಸಾಗುವ ವಸ್ತುವನ್ನು ಕಣ್ಣು ಹಿಂಬಾಲಿಸಿದಾಗ, ಫ್ರೇಮ್ ಎಷ್ಟು ಮಿಲಿಸೆಕೆಂಡ್ ನಿಲ್ಲುತ್ತದೋ ಹೆಚ್ಚುಕಡಿಮೆ ಅಷ್ಟು ಪಿಕ್ಸೆಲ್ ಮಸುಕು ಕಾಣುತ್ತದೆ. 60ರಿಂದ 144ಕ್ಕೆ ಹೋದರೆ ಸುಮಾರು ಹತ್ತು ಮಿಲಿಸೆಕೆಂಡ್ ಲಾಭ, 144ರಿಂದ 240ಕ್ಕೆ ಮೂರಕ್ಕೂ ಕಡಿಮೆ. ಕಾರ್ಡ್ 240 ಫ್ರೇಮ್ ಕೊಡದಿದ್ದರೆ ಅದೂ ಇಲ್ಲ. ಅಂದಹಾಗೆ 144 ಹರ್ಟ್ಸ್ ಓದಿಗೂ ಉಪಕಾರಿಯೇ: ಪುಟ ಸರಿಸುವಾಗ ಸಾಲುಗಳು ಕಣ್ಣು ತಪ್ಪುವುದಿಲ್ಲ.

ಹೀಗೆ ಬೇಡಿಕೆ ಪಟ್ಟಿ ಮೂಡಿತು. 27 ಇಂಚು, 3840×2160, ಚಪ್ಪಟೆ ಐಪಿಎಸ್, 144 ಹರ್ಟ್ಸ್ ಅಥವಾ ಹೆಚ್ಚು. ವೇರಿಯಬಲ್ ರಿಫ್ರೆಶ್ (ಗೇಮ್‌ನ ಫ್ರೇಮ್ ಸಂಖ್ಯೆಗೆ ತಕ್ಕಂತೆ ರಿಫ್ರೆಶ್ ರೇಟ್ ಬದಲಾಗುವುದು) 48 ಹರ್ಟ್ಸ್ ಅಥವಾ ಅದಕ್ಕಿಂತ ಕೆಳಗಿನಿಂದ ಆರಂಭ. ಮಿನುಗದ ಬ್ಯಾಕ್‌ಲೈಟ್. ರಾತ್ರಿ ಓದಿಗಾಗಿ ಕನಿಷ್ಠ ಬ್ರೈಟ್‌ನೆಸ್ 50 ನಿಟ್ಸ್‌ಗಿಂತ ಕೆಳಗೆ ಇಳಿಯಬೇಕು. ವಿಮರ್ಶೆಗಳಲ್ಲಿ ಎಲ್ಲರೂ ಗರಿಷ್ಠವನ್ನು ನೋಡುತ್ತಾರೆ, ಇದನ್ನು ನೋಡುವವರು ಕಡಿಮೆ. ಹಗುರವಾದ ಮ್ಯಾಟ್ ಲೇಪ, ಏಕೆಂದರೆ ಒರಟು ಲೇಪ ಬಿಳಿ ಪುಟದ ಮೇಲೆ ಮರಳಿನಂತೆ ಮಿಣಮಿಣ ಎನ್ನುತ್ತದೆ. ತೋಳಿಗೆ ಕಟ್ಟಲು ಹಿಂದೆ 100×100 ಮಿ.ಮೀ. ವೆಸಾ ತೂತುಗಳು. ಡಿಎಸ್‌ಸಿ (ಚಿತ್ರದ ಮಾಹಿತಿಯನ್ನು ಕುಗ್ಗಿಸಿ ಕಳಿಸುವ ವ್ಯವಸ್ಥೆ) ಇರುವ ಡಿಸ್‌ಪ್ಲೇಪೋರ್ಟ್ 1.4, ಸಾಧ್ಯವಾದರೆ ಎಚ್‌ಡಿಎಂಐ 2.1.

ಡಬ್ಬಿಯ ಮೇಲಿನ "1 ಎಂಎಸ್", "ಡಿಸ್‌ಪ್ಲೇಎಚ್‌ಡಿಆರ್ 400" ಎರಡಕ್ಕೂ ಅಂಕ ಕೊಡಲಿಲ್ಲ. ಮೊದಲನೆಯದು, ಅಂದರೆ ಪಿಕ್ಸೆಲ್ ಬಣ್ಣ ಬದಲಿಸುವ ಸಮಯ, ಯಾರೂ ಬಳಸದ ಅತಿ ಓವರ್‌ಡ್ರೈವ್‌ನಲ್ಲಿ (ಪಿಕ್ಸೆಲ್‌ಗಳನ್ನು ಬಲವಂತದಿಂದ ಬೇಗ ಬದಲಿಸುವ ಸೆಟಿಂಗ್) ಸಿಕ್ಕ ಸಂಖ್ಯೆ ಆಗಿರಬಹುದು. ಎರಡನೆಯದು ಎಚ್‌ಡಿಆರ್‌ನ (ಬೆಳಕು, ಕತ್ತಲಿನ ಅಂತರ ಹೆಚ್ಚಿಸಿದ ಚಿತ್ರ) ಗುರುತು; ಅದನ್ನು ಪಡೆಯಲು ಪರದೆಯ ಭಾಗಗಳನ್ನು ಬೇರೆಬೇರೆಯಾಗಿ ಮಂಕು ಮಾಡುವ ಬ್ಯಾಕ್‌ಲೈಟ್ ಬೇಕಿಲ್ಲ, ಹಾಗಾಗಿ ಹೆಸರಿಗಷ್ಟೇ ಎಚ್‌ಡಿಆರ್.

ಜೋಡಿಸಿದ ಕ್ರಮ

ಹಿಂತಿರುಗಿಸುವ ಅವಧಿ ಮುಗಿಯುವ ಮುಂಚೆ, ಕೋಣೆ ಕತ್ತಲು ಮಾಡಿ, ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಪೂರ್ಣ ಪರದೆಗಳನ್ನು ಒಂದೊಂದಾಗಿ ನೋಡಲಾಯಿತು. ಕಪ್ಪಿನಲ್ಲಿ ಹುಡುಕಬೇಕಾದ್ದು ಸದಾ ಹೊಳೆಯುವ ಚುಕ್ಕೆ ಮತ್ತು ಅಂಚಿನಿಂದ ಸೋರುವ ಬೆಳಕು. ತಲೆ ಸರಿಸಿದಾಗ ಹೊಳಪೂ ಸರಿದರೆ ಅದು ಐಪಿಎಸ್‌ನ ಸಹಜ ಗುಣ, ಕದಲದೆ ನಿಂತರೆ ಸೋರಿಕೆ. ಬಿಳಿಯಲ್ಲಿ ಹುಡುಕಬೇಕಾದ್ದು ಸತ್ತ ಪಿಕ್ಸೆಲ್, ಮತ್ತು ಒಂದು ಬದಿ ಹಳದಿಗೆ ತಿರುಗಿದೆಯೇ ಎಂಬುದು. ಗೇಮ್ ಆಡುವವರಿಗೆ ತಿಳಿಯದ ಈ ಹಳದಿ, ದಿನವಿಡೀ ಬಿಳಿ ಪುಟ ನೋಡುವವರಿಗೆ ಎದ್ದು ಕಾಣುತ್ತದೆ.

ಮಾನಿಟರ್ ಜೊತೆಗೇ ಬಂದ ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ, ಡಿಸ್‌ಪ್ಲೇ ಸೆಟಿಂಗ್ಸ್‌ನ ಅಡ್ವಾನ್ಸ್‌ಡ್ ಪುಟದಲ್ಲಿ ರಿಫ್ರೆಶ್ ರೇಟನ್ನು 144ಕ್ಕೆ ಏರಿಸಲಾಯಿತು. ವಿಂಡೋಸ್ ಅನೇಕ ಸಲ ಹೊಸ ಮಾನಿಟರನ್ನು 60ರಲ್ಲೇ ಬಿಡುತ್ತದೆ, ಕೊಂಡವರು ತಿಂಗಳುಗಟ್ಟಲೆ ಹಾಗೇ ಆಡುವುದೂ ಉಂಟು. ಬಣ್ಣ ಆರ್‌ಜಿಬಿ, ಫುಲ್. ಸ್ಕೇಲಿಂಗ್ 175%, ಬದಲಿಸಿದ ಮೇಲೆ ಒಮ್ಮೆ ಸೈನ್ ಔಟ್ ಆಗಿ ಬರಬೇಕು, ಇಲ್ಲವಾದರೆ ತೆರೆದಿದ್ದ ಕೆಲವು ತಂತ್ರಾಂಶಗಳು ಮಸುಕಾಗಿಯೇ ಇರುತ್ತವೆ. ಕೊನೆಗೆ ಸ್ಟಾರ್ಟ್ ಮೆನುವಿನಲ್ಲಿ ಕ್ಲಿಯರ್‌ಟೈಪ್ ಎಂದು ಹುಡುಕಿ ಅದರ ಐದು ಪುಟಗಳ ಆಯ್ಕೆ ಮುಗಿಸಲಾಯಿತು.

ಮೇಜು 60 ಸೆಂ.ಮೀ. ಇದ್ದರೂ ಮಾನಿಟರಿನ ಸ್ಟ್ಯಾಂಡ್ ಅದರಲ್ಲಿ 25 ಸೆಂ.ಮೀ. ತಿನ್ನುತ್ತಿತ್ತು. ಮೇಜಿನ ಹಿಂದಂಚಿಗೆ ಕ್ಲ್ಯಾಂಪ್ ಆಗುವ ತೋಳಿಗೆ ಹಾಕಿದಾಗ ಪರದೆ ಗೋಡೆಯ ಕಡೆ ಸರಿದು ಕಣ್ಣಿನ ದೂರ 65 ಸೆಂ.ಮೀ. ಆಯಿತು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ, ಪರದೆ ಸ್ವಲ್ಪ ಹಿಂದಕ್ಕೆ ವಾಲಿ. ಪ್ರೊಗ್ರೆಸಿವ್ ಕನ್ನಡಕ (ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು) ಹಾಕುವವರು ಇದಕ್ಕಿಂತಲೂ ಕೆಳಗಿಳಿಸಬೇಕು. ಇಲ್ಲವಾದರೆ ಗಾಜಿನ ಕೆಳಭಾಗದಿಂದ ಓದಲು ಗದ್ದ ಎತ್ತುತ್ತ ಕತ್ತು ಹಿಡಿದುಕೊಳ್ಳುತ್ತದೆ.

ಮಾನಿಟರಿನ ಮೆನುವಿನಲ್ಲಿ ಎರಡು ಪ್ರೀಸೆಟ್ ಉಳಿಸಲಾಯಿತು. ಓದಿಗೆ: ಹಾಳೆಗೆ ಹೊಂದಿಸಿದ ಬ್ರೈಟ್‌ನೆಸ್, ಎಸ್‌ಆರ್‌ಜಿಬಿ (ಸಾಮಾನ್ಯ ಮಾನದಂಡದ) ಬಣ್ಣ, ಡೈನಾಮಿಕ್ ಕಾಂಟ್ರಾಸ್ಟ್ ಆಫ್, ಶಾರ್ಪ್‌ನೆಸ್ ತಟಸ್ಥ. ಗೇಮ್‌ಗೆ: ಬ್ರೈಟ್‌ನೆಸ್ ಹೆಚ್ಚು, ಓವರ್‌ಡ್ರೈವ್ ಮಧ್ಯಮ. ಓವರ್‌ಡ್ರೈವನ್ನು ಅತಿಗೆ ಇಟ್ಟರೆ ಚಲಿಸುವ ವಸ್ತುವಿನ ಹಿಂದೆ ಬೆಳ್ಳನೆಯ ಪ್ರೇತ ಓಡುತ್ತದೆ. 144ರಲ್ಲಿ ಸರಿಯಿದ್ದ ಮಟ್ಟ 60–70 ಫ್ರೇಮ್‌ಗೆ ಇಳಿದಾಗ ಅತಿಯಾಗಬಹುದು. ಆದ್ದರಿಂದ ಚಲನೆಯ ಮಸುಕು ತೋರಿಸುವ ಟೆಸ್ಟ್‌ಯುಎಫ್‌ಒ ಜಾಲತಾಣದಲ್ಲಿ 144, 100, 60 ಮೂರರಲ್ಲೂ ನೋಡಿ, ಯಾವುದರಲ್ಲೂ ಪ್ರೇತ ಕಾಣದ ಮಟ್ಟ ಆರಿಸಲಾಯಿತು.

ಡ್ರೈವರಿನಲ್ಲಿ (ಕಾರ್ಡ್ ನಡೆಸುವ ತಂತ್ರಾಂಶದಲ್ಲಿ) ಜಿ-ಸಿಂಕ್ ಕಂಪ್ಯಾಟಿಬಲ್ (ಎನ್ವಿಡಿಯದ ವೇರಿಯಬಲ್ ರಿಫ್ರೆಶ್) ಆನ್, ವಿ-ಸಿಂಕ್ (ಫ್ರೇಮ್‌ಗಳನ್ನು ಪರದೆಯ ರಿಫ್ರೆಶ್‌ಗೆ ಕಾಯಿಸುವುದು) ಆನ್, ಫ್ರೇಮ್ ಮಿತಿ 138. ಮಿತಿ ಹಾಕದೆ 144ಕ್ಕೆ ತಾಗಿದರೆ ವಿ-ಸಿಂಕ್ ಅಡ್ಡ ಬಂದು ಮೌಸ್ ಭಾರವಾದಂತೆ ಅನಿಸುತ್ತದೆ.

ಎದುರಾದ ತೊಡಕುಗಳು

ಮೊದಲನೆಯದು ಕೇಬಲ್. ತೋಳಿಗೆ ಉದ್ದ ಸಾಲದೆಂದು 3 ಮೀಟರಿನ ಅಗ್ಗದ ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿದಾಗ ಗೇಮ್ ಮಧ್ಯೆ ಒಂದೆರಡು ಸೆಕೆಂಡ್ ಪರದೆ ಕಪ್ಪಾಗತೊಡಗಿತು. ಡಿಸ್‌ಪ್ಲೇಪೋರ್ಟ್ 1.4 ತನ್ನ ಪೂರ್ಣ ವೇಗದಲ್ಲಿ ಸೆಕೆಂಡಿಗೆ 32.4 ಗಿಗಾಬಿಟ್ ಸಾಗಿಸುತ್ತದೆ. ಉದ್ದದ ಸಾಧಾರಣ ಕೇಬಲ್ ಅಲ್ಲಿ ಸೋಲುತ್ತದೆ. ದೋಷ ಮಾನಿಟರಿನದೋ ಕೇಬಲಿನದೋ ತಿಳಿಯಲು 60 ಹರ್ಟ್ಸ್‌ಗೆ ಇಳಿಸಿ ನೋಡಬೇಕು: ಕಪ್ಪಾಗುವುದು ನಿಂತರೆ ಕೇಬಲಿನ ಮೇಲೆ ಅನುಮಾನ. ವೆಸಾ ಪ್ರಮಾಣೀಕೃತ ಡಿಪಿ8ಕೆ ಗುರುತಿನ 2 ಮೀಟರ್ ಕೇಬಲ್ ಹಾಕಿದ ಮೇಲೆ ನಿಂತಿತು.

ಎರಡನೆಯದು ಡಿಎಸ್‌ಸಿ. 4ಕೆ 144 ಹರ್ಟ್ಸ್ ಈ ತಂತಿಯಲ್ಲಿ ಹಾಗೇ ಹಿಡಿಸುವುದಿಲ್ಲ, ಕುಗ್ಗಿಸಿ ಕಳಿಸಬೇಕು. ಕುಗ್ಗಿಸಿದ್ದು ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ ಎಕ್ಸ್‌ಕ್ಲೂಸಿವ್ ಫುಲ್‌ಸ್ಕ್ರೀನ್ ಗೇಮ್‌ನಿಂದ ಆಲ್ಟ್-ಟ್ಯಾಬ್ ಒತ್ತಿ ಹೊರಬಂದರೆ ಪರದೆ ಕೆಲವು ಸೆಕೆಂಡ್ ಕಪ್ಪಾಗುತ್ತಿತ್ತು. ಬಾರ್ಡರ್‌ಲೆಸ್ ವಿಂಡೋಗೆ ಬದಲಿಸಿದಾಗ ಸರಿಯಾಯಿತು. ಶೂಟರನ್ನು 1080ಪಿಯಲ್ಲಿ ಆಡಲು ಇಂಟಿಜರ್ ಸ್ಕೇಲಿಂಗ್ ಬಳಸುವ ಯೋಚನೆ ಇತ್ತು. 4ಕೆ ಸರಿಯಾಗಿ 1080ಪಿಯ ಇಮ್ಮಡಿ ಆದ್ದರಿಂದ ಒಂದು ಪಿಕ್ಸೆಲ್ ನಾಲ್ಕಾಗಿ ಚೊಕ್ಕವಾಗಿ ಬರಬೇಕು. ಡಿಎಸ್‌ಸಿ ಚಾಲೂ ಇದ್ದಾಗ ಡ್ರೈವರಿನಲ್ಲಿ ಆ ಆಯ್ಕೆ ಕಾಣಲಿಲ್ಲ. ಗೇಮ್‌ನ ಒಳಗಿನ ರೆಂಡರ್ ಸ್ಕೇಲನ್ನು 50%ಗೆ ಇಳಿಸಿ ಕೆಲಸ ಸಾಗಿತು. ಅಕ್ಷರ, ನಕಾಶೆ ಮುಂತಾದವು 4ಕೆಯಲ್ಲೇ ಉಳಿದದ್ದರಿಂದ ಇದೇ ವಾಸಿ ಎನಿಸಿತು.

ಒಂದು ಸಂಜೆ ಅಕ್ಷರಗಳೆಲ್ಲ ಮಾಸಲಾಗಿ ಕಂಡವು. ಗೇಮ್‌ಗಾಗಿ ಆನ್ ಮಾಡಿದ್ದ ಎಚ್‌ಡಿಆರ್ ಹಾಗೇ ಉಳಿದಿತ್ತು. ವಿಂಡೋಸ್, ಆಲ್ಟ್, ಬಿ ಮೂರು ಕೀಲಿ ಒಟ್ಟಿಗೆ ಒತ್ತಿದರೆ ಅದು ಆಫ್. ಮಸುಕು ತಗ್ಗಿಸಲು ಬ್ಯಾಕ್‌ಲೈಟನ್ನು ಫ್ರೇಮ್‌ಗೊಮ್ಮೆ ಆರಿಸುವ ಸೌಲಭ್ಯವೂ ಮಾನಿಟರಿನಲ್ಲಿದೆ. ಅದನ್ನು ಓದಿನ ಪ್ರೀಸೆಟ್‌ಗೆ ಸೇರಿಸಬಾರದು. ಮಿನುಗದ ಪ್ಯಾನೆಲ್ ಕೊಂಡು ಅದನ್ನೇ ಮಿನುಗಿಸಿದಂತಾಗುತ್ತದೆ.

ಒಂದು ಹಳೆಯ ಪುಟವಿನ್ಯಾಸ ತಂತ್ರಾಂಶ 175%ರಲ್ಲಿ ಮಂಜಾಗಿ ತೆರೆದುಕೊಂಡಿತು. ಅದರ ಶಾರ್ಟ್‌ಕಟ್ ಮೇಲೆ ಬಲಗುಂಡಿ, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಹೈ ಡಿಪಿಐ ಸೆಟಿಂಗ್ಸ್. ಅಲ್ಲಿ ಓವರ್‌ರೈಡ್ ಗುರುತು ಹಾಕಿ "ಸಿಸ್ಟಮ್ (ಎನ್‌ಹ್ಯಾನ್ಸ್‌ಡ್)" ಆರಿಸಿದಾಗ ಮೆನು, ಅಕ್ಷರ ಸ್ಪಷ್ಟವಾದವು. "ಅಪ್ಲಿಕೇಶನ್" ಆರಿಸಿದರೆ ಎಲ್ಲವೂ ಸ್ಪಷ್ಟ, ಆದರೆ ಇರುವೆ ಗಾತ್ರ. ಸ್ಕ್ಯಾನ್ ಮಾಡಿದ ಹಳೆಯ ಪುಟಗಳಿಗೆ ಮಾತ್ರ 4ಕೆಯಿಂದ ಏನೂ ಸಿಗಲಿಲ್ಲ. 150 ಡಿಪಿಐಯಲ್ಲಿ (ಇಂಚಿಗೆ 150 ಚುಕ್ಕೆ) ಸ್ಕ್ಯಾನ್ ಆದ ಪುಟದಲ್ಲಿ ಒತ್ತಕ್ಷರ ಮೂಲದಲ್ಲೇ ಕಲಸಿಹೋಗಿರುತ್ತದೆ. ಪರದೆ ಆ ಕಲಸನ್ನು ಇನ್ನೂ ನಿಚ್ಚಳವಾಗಿ ತೋರಿಸುತ್ತದೆ. ಕಳಿಸುವವರಿಗೆ 300 ಡಿಪಿಐ ಬೇಕೆಂದು ತಿಳಿಸಲಾಯಿತು.

ಬದಲಾದದ್ದು, ಬದಲಾಗದ್ದು

ಅಡಿಗೀಟು, ಒತ್ತು, ಹೊಟ್ಟೆ ಸೀಳು ಈಗ ಮೊದಲ ನೋಟಕ್ಕೇ ಸಿಗುತ್ತವೆ, ಬಾಗಿ ನೋಡುವುದು ನಿಂತಿದೆ. ಕತ್ತಲ ಮಸಿ ಹೋಗಿದೆ. ಶೂಟರಿನಲ್ಲಿ ಫ್ರೇಮ್ ಮಿತಿಗೆ ತಾಗಿ ಓಡುತ್ತದೆ. ದೊಡ್ಡ ಗೇಮ್‌ಗಳು ಪರ್ಫಾರ್ಮೆನ್ಸ್ ಮಟ್ಟದಲ್ಲಿ 144ರ ಹತ್ತಿರಕ್ಕೂ ಹೋಗುವುದಿಲ್ಲ, ವೇರಿಯಬಲ್ ರಿಫ್ರೆಶ್ ಇರುವುದರಿಂದ ಅದು ಹರಿದ ಚಿತ್ರವಾಗಿ ಕಾಣುವುದಿಲ್ಲ ಅಷ್ಟೆ.

ಸಂಜೆಯ ಒಣಗಣ್ಣು ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಪರದೆ ನೋಡುವಾಗ ರೆಪ್ಪೆ ಬಡಿಯುವುದೇ ಕಡಿಮೆಯಾಗುತ್ತದೆ; ಅದಕ್ಕೆ ಪ್ಯಾನೆಲಿನಲ್ಲಿ ಮದ್ದಿಲ್ಲ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡುವ ರೂಢಿ, ಮುಖಕ್ಕೆ ನೇರವಾಗಿ ಗಾಳಿ ಬೀಸದಂತೆ ಫ್ಯಾನ್ ತಿರುಗಿಸುವುದು ಕೆಲಸ ಮಾಡಿದವು. ನೀಲಿ ಬೆಳಕು ತಡೆಯುವ ಕನ್ನಡಕವನ್ನೂ ಅವರು ವಿಚಾರಿಸಿದ್ದರು. ಅಮೆರಿಕದ ನೇತ್ರವೈದ್ಯರ ಅಕಾಡೆಮಿ ಕಂಪ್ಯೂಟರ್ ಕೆಲಸಕ್ಕೆ ಅಂಥ ವಿಶೇಷ ಕನ್ನಡಕವನ್ನು ಶಿಫಾರಸು ಮಾಡುವುದಿಲ್ಲ, ಇಲ್ಲೂ ಬೇಡವೆನ್ನಲಾಯಿತು. ಸಂಜೆ ಪರದೆಯನ್ನು ಬೆಚ್ಚನೆಯ ಬಣ್ಣಕ್ಕೆ ತಿರುಗಿಸುವುದು ಅವರವರ ಇಷ್ಟ.

ಉಳಿದಿರುವ ಕೊರತೆ ಕಪ್ಪಿನದು. ದೀಪ ಆರಿಸಿ ಆಡುವಾಗ ಮೂಲೆಗಳ ಹೊಳಪು ಕಾಣುತ್ತದೆ. ಮಾನಿಟರಿನ ಹಿಂದೆ ಗೋಡೆಗೆ ಮುಖ ಮಾಡಿ 6500 ಕೆಲ್ವಿನ್‌ನ ಮಂದ ಎಲ್‌ಇಡಿ ಪಟ್ಟಿ ಅಂಟಿಸಿದ್ದರಿಂದ ಕಣ್ಣಿಗೆ ಕಪ್ಪು ತುಸು ಗಟ್ಟಿಯಾಗಿ ತೋರುತ್ತದೆ, ಹೊಳಪು ಪೂರ್ತಿ ಮರೆಯಾಗಿಲ್ಲ. ಕತ್ತಲ ಗೇಮ್‌ಗಳೇ ಹೆಚ್ಚಾದರೆ ಮುಂದೆ ಇರುವ ದಾರಿ ಮಿನಿ-ಎಲ್‌ಇಡಿ (ಬಹಳಷ್ಟು ಪುಟ್ಟ ದೀಪಗಳ) ಬ್ಯಾಕ್‌ಲೈಟಿನ 4ಕೆ ಐಪಿಎಸ್. ಅದರಲ್ಲಿ ಓದುವಾಗ ಲೋಕಲ್ ಡಿಮ್ಮಿಂಗ್ (ಭಾಗಭಾಗವಾಗಿ ಮಂಕು ಮಾಡುವುದು) ಆಫ್ ಮಾಡಲು ಬರುತ್ತದೆಯೇ ಎಂದು ಮೊದಲು ನೋಡಬೇಕು. ಬರದಿದ್ದರೆ ಕಪ್ಪು ಹಿನ್ನೆಲೆಯ ಮೇಲಿನ ಪ್ರತಿ ಬಿಳಿ ಪದಕ್ಕೂ ಒಂದು ಪ್ರಭಾವಳಿ ಬರುತ್ತದೆ.